ಬೈರಾಪುರದ ಗುಡ್ಡೆಗಳು ಕೇಳುವ ಲೆಕ್ಕ

ಭೂವಿಜ್ಞಾನ ಓದಿದವರಿಗೆ ಹೊಳೆನರಸೀಪುರದ ಹೆಸರು ಹೊಸದಲ್ಲ. ಪಟ್ಟಣದ ಸುತ್ತಲ ಪದರಶಿಲೆಗಳಿಗೆ ಮುನ್ನೂರು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಅದರ ನೆರೆಯಲ್ಲೇ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿ ಇದೆ. ಅಲ್ಲಿನ ಬೈರಾಪುರ, ಜಂಬೂರು, ತಗಡೂರುಗಳ ನೆಲದಲ್ಲಿ ಸಿಕ್ಕಿದ್ದು ಕ್ರೋಮೈಟ್ ಎಂಬ ಕಪ್ಪು ಅದಿರು. ಸ್ಟೀಲ್ ತಟ್ಟೆ ಲೋಟಗಳಿಗೆ ತುಕ್ಕು ಹಿಡಿಯದಂತೆ ಕಾಯುವ ಕ್ರೋಮಿಯಂ ಬರುವುದು ಈ ಅದಿರಿನಿಂದಲೇ. 1966ರಲ್ಲಿ ಹುಟ್ಟಿದ ಸರ್ಕಾರಿ ಸ್ವಾಮ್ಯದ ಮೈಸೂರು ಮಿನರಲ್ಸ್ ಬೈರಾಪುರದಲ್ಲಿ ನೆಲದಡಿಯ ಗಣಿಯನ್ನೇ ನಡೆಸಿತು. ಒಳ್ಳೆಯ ಅದಿರು ಲಾರಿ ಹತ್ತಿ ಹೋಯಿತು. ಅಗೆದು, ತೊಳೆದು ಬಿಟ್ಟ ಮಣ್ಣು ಊರ ಪಕ್ಕದಲ್ಲೇ ಗುಡ್ಡೆಯಾಯಿತು.

ಆ ಗುಡ್ಡೆಗಳಲ್ಲಿ ಇನ್ನೂ ಲೋಹವಿದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನುಗ್ಗೇಹಳ್ಳಿ ಗಣಿಗಳ ಸುತ್ತಲ ಮಣ್ಣನ್ನು ಪರೀಕ್ಷಿಸಿ, ಕ್ರೋಮಿಯಂ, ನಿಕಲ್, ಕೋಬಾಲ್ಟ್‌ಗಳ ಪ್ರಮಾಣ ಹೆಚ್ಚಿರುವುದನ್ನು ದಾಖಲಿಸಿದ್ದಾರೆ. ಕಂಪನಿಯ ಕಣ್ಣಿಗೆ ಇದು ಕೈತಪ್ಪಿದ ಆದಾಯ. ಪಕ್ಕದಲ್ಲಿ ಹೊಲ ಇರುವವನಿಗೆ ಇದು ಮಳೆ ಬಂದಾಗಲೆಲ್ಲ ಹರಿದು ಬರುವ ಭಯ. ಎರಡೂ ಒಂದೇ ಲೋಹದ ಮಾತು. ಹಾಗಾಗಿ ಲೋಹ ತೆಗೆಯುವ ಕೆಲಸವನ್ನೂ ನೆಲ ಶುದ್ಧಮಾಡುವ ಕೆಲಸವನ್ನೂ ಬೇರೆ ಬೇರೆ ಕಡತಗಳಲ್ಲಿ ಇಡಬಾರದು ಎಂಬುದು ನನ್ನ ವಾದ.

ಕ್ರೋಮಿಯಂ ವಿಷಯದಲ್ಲಿ ವಿಧಾನವೇ ವಿಷವಾಗಬಲ್ಲದು. ಅದಿರಿನೊಳಗೆ ಅದು ಮೂರು ವೇಲೆನ್ಸಿಯ ರೂಪದಲ್ಲಿದ್ದು ನೀರಿನಲ್ಲಿ ಸುಲಭವಾಗಿ ಕರಗದು. ಕ್ರೋಮೇಟ್ ತಯಾರಿಸುವವರು ಅದಿರಿನ ಪುಡಿಗೆ ಸೋಡಾ ಬೆರೆಸಿ, ಗಾಳಿಯಾಡುವ ಕುಲುಮೆಯಲ್ಲಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿಯುತ್ತಾರೆ. ಆಗ ಅದು ಆರು ವೇಲೆನ್ಸಿಯ ಕ್ರೋಮಿಯಂ ಆಗಿ ನೀರಿಗೆ ಇಳಿಯುತ್ತದೆ, ಇದು ಕ್ಯಾನ್ಸರ್‌ಕಾರಕ. ತಮಿಳುನಾಡಿನ ರಾಣಿಪೇಟೆಯಲ್ಲಿ ಇಂಥ ಕಾರ್ಖಾನೆ ಮುಚ್ಚಿದ ಮೇಲೂ ಒಂದು ಲಕ್ಷ ಟನ್ನಿಗೆ ಮಿಕ್ಕ ಕಸ ಬಯಲಲ್ಲೇ ಬಿದ್ದಿತ್ತು, ಅಂತರ್ಜಲ ಹಳದಿಗೆ ತಿರುಗಿತು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಹುರಿಯುವ ದಾರಿ ಬೈರಾಪುರಕ್ಕೆ ಬೇಡವೇ ಬೇಡ.

ಹಾಗಾದರೆ ಯಾವ ದಾರಿ? ಮೊದಲನೆಯದು ತೂಕದ ದಾರಿ. ಕ್ರೋಮೈಟ್ ನೀರಿಗಿಂತ ನಾಲ್ಕೂವರೆ ಪಟ್ಟು ಭಾರ; ಜೊತೆಗಿರುವ ಸರ್ಪೆಂಟೈನ್ ಕಲ್ಲು ಎರಡೂವರೆ ಪಟ್ಟಿಗೆ ತುಸು ಹೆಚ್ಚು. ಅಕ್ಕಿಯನ್ನು ನೀರಲ್ಲಿ ಜಾಲಿಸಿ ಕಲ್ಲು ಬೇರ್ಪಡಿಸುವ ಹಾಗೆ, ಸುರುಳಿ ತೊಟ್ಟಿಗಳಲ್ಲಿ ಪುಡಿಯನ್ನು ಹರಿಸಿದರೆ ಭಾರದ ಕಣ ಒಂದು ಕಡೆ, ಹಗುರದ್ದು ಇನ್ನೊಂದು ಕಡೆ ಸೇರುತ್ತವೆ. ನೀರಿನೊಡನೆ ಕೊಚ್ಚಿಹೋಗುವ ನುಣ್ಣನೆಯ ಕಣಗಳನ್ನು ಪ್ರಬಲ ಅಯಸ್ಕಾಂತದಿಂದ ಸೆಳೆಯಬಹುದು. ಅವುಗಳಲ್ಲಿರುವ ಕಬ್ಬಿಣ ಅದಕ್ಕೆ ನೆರವಾಗುತ್ತದೆ. ಬಳಸಿದ ನೀರನ್ನು ತಿಳಿಗೊಳಿಸಿ ಮತ್ತೆ ಬಳಸಬೇಕು.

ಕುಲುಮೆಯ ಕಿಟ್ಟಕ್ಕೂ ಇದೇ ನ್ಯಾಯ. ಕ್ರೋಮೈಟ್‌ನಿಂದ ಫೆರೋಕ್ರೋಮ್ ಎಂಬ ಮಿಶ್ರಲೋಹ ಕರಗಿಸುವಾಗ ಮೇಲೆ ತೇಲುವ ಕಿಟ್ಟದಲ್ಲಿ ಲೋಹದ ಸಣ್ಣ ಮಣಿಗಳು ಸಿಕ್ಕಿಕೊಳ್ಳುತ್ತವೆ. ಕಿಟ್ಟವನ್ನು ಪುಡಿಮಾಡಿ, ಮೇಲಕ್ಕೂ ಕೆಳಕ್ಕೂ ತುಯ್ಯುವ ನೀರಿನಲ್ಲಿ ಹಾಯಿಸಿದರೆ ಮಣಿಗಳು ತಳಕ್ಕಿಳಿಯುತ್ತವೆ. ಆಮ್ಲದ ಹನಿಯೂ ಬೇಕಿಲ್ಲ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟ ಸಿಮೆಂಟ್ ಆಗುತ್ತಿದೆ. ಆದರೆ ಕ್ರೋಮಿಯಂ ಇರುವ ಕಿಟ್ಟವನ್ನು ರಸ್ತೆಗೋ ಗೋಡೆಗೋ ಹಾಕುವ ಮುನ್ನ ನೀರಲ್ಲಿ ನೆನೆಸಿ, ಏನು ಸೋರುತ್ತದೆಂದು ಪರೀಕ್ಷಿಸಲೇಬೇಕು.

ತೂಕದಿಂದ ಬೇರ್ಪಡದ ನಿಕಲ್, ಕೋಬಾಲ್ಟ್‌ಗಳಿಗೆ ಸೂಕ್ಷ್ಮಜೀವಿಗಳ ದಾರಿಯಿದೆ. ಒಡಿಶಾದ ಸುಕಿಂದಾ ಕಣಿವೆಯ ಕ್ರೋಮೈಟ್ ಗಣಿಮಣ್ಣಿನ ಮೇಲೆ ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟನ್ನು ಬೆಳೆಸಿ, ಅದು ಸ್ರವಿಸುವ ಸಿಟ್ರಿಕ್, ಆಕ್ಸಾಲಿಕ್ ಆಮ್ಲಗಳಿಂದ ನಿಕಲ್ ಕರಗಿಸುವ ಪ್ರಯೋಗಗಳು ನಡೆದಿವೆ. ನಮ್ಮಲ್ಲೂ ಈ ವಿದ್ಯೆಗೆ ಬೇರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಅವರ ಬಳಗ ಹಟ್ಟಿ ಚಿನ್ನದ ಗಣಿ ಕಂಪನಿಯ ಗಂಧಕಯುಕ್ತ ಅದಿರಿಗಾಗಿ ಬ್ಯಾಕ್ಟೀರಿಯಾ ತೊಟ್ಟಿಗಳನ್ನು ರೂಪಿಸಿತು. ಈ ಕ್ರಮ ನಿಧಾನ. ಲೋಹ ಕರಗಿದ ದ್ರಾವಣ ನೆಲಕ್ಕಿಳಿಯದಂತೆ ತಡೆಯದಿದ್ದರೆ ಇದೂ ಹಾನಿಯೇ. ಜೀವಿ ಮಾಡಿದ ಆಮ್ಲವೆಂದ ಮಾತ್ರಕ್ಕೆ ನಿರಪಾಯವಾಗದು.

ಯಾವ ದಾರಿ ಹಿಡಿದರೂ ಕೊನೆಗೆ ಪುಡಿ ಉಳಿಯುತ್ತದೆ; ಕೋಲಾರವನ್ನೇ ನೋಡಿ. ಅಲ್ಲಿನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸೈನೈಡ್ ಗುಡ್ಡಗಳೆಂದು ಕರೆಯುವ 13 ಗುಡ್ಡಗಳಲ್ಲಿ, ಚಿನ್ನ ತೆಗೆದು ಬಿಟ್ಟ ಅದಿರಿನ ಸುಮಾರು 3.3 ಕೋಟಿ ಟನ್ ಪುಡಿ ಇದೆ. ಅವುಗಳ ಚರ್ಚೆ ಬಂದಾಗಲೆಲ್ಲ ಎಷ್ಟು ಚಿನ್ನ ಸಿಕ್ಕೀತು ಎಂಬ ಪ್ರಶ್ನೆಯೇ ಮುಂದೆ ಬರುತ್ತದೆ. ಚಿನ್ನ ತೆಗೆದ ಮೇಲೂ ಪುಡಿಯ ತೂಕ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದಲ್ಲ, ಅದನ್ನು ಎಲ್ಲಿ ಇಡುತ್ತೀರಿ ಎಂಬ ಪ್ರಶ್ನೆ ಮೊದಲು ಬರಬೇಕಿತ್ತು.

ಬೈರಾಪುರದ ಗುಡ್ಡೆಗಳಿಗೆ ಯಾರೇ ಕೈಹಾಕಲಿ, ಕರಾರಿನಲ್ಲಿ ಮೂರು ಮಾತು ಇರಲಿ. ಹುರಿಯುವ ಕುಲುಮೆಗೆ ಅನುಮತಿಯಿಲ್ಲ. ಉಳಿದ ಪುಡಿಯನ್ನು ನೀರು ಸೋರದಂತೆ ಹಾಸಿ, ಮೇಲ್ಮಣ್ಣು ಹೊದಿಸಿ, ಹುಲ್ಲು ಹಿಡಿಯುವವರೆಗೆ ಗುತ್ತಿಗೆದಾರನ ಠೇವಣಿ ಮರಳಿಸಬಾರದು. ಸುತ್ತಲ ಬಾವಿ, ಕೊಳವೆಬಾವಿಗಳ ನೀರಿನ ಪರೀಕ್ಷೆಯ ಫಲಿತಾಂಶ ಪ್ರತಿ ಮಳೆಗಾಲದ ಮುಂಚೆ ಮತ್ತು ನಂತರ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಬೇಕು. ಲೋಹದ ಲಾಭ ಸಾಕಾಗದಿದ್ದರೆ ಈ ಖರ್ಚನ್ನು ಸರ್ಕಾರವೇ ಭರಿಸಬೇಕು. ಆ ಅದಿರಿನ ಹಣ ಹೋಗಿದ್ದು ಸರ್ಕಾರದ ಬೊಕ್ಕಸಕ್ಕೇ.