ಒಡೆದ ಶೀಟಿಗೂ ಒಂದು ದಾರಿ ಬೇಕು

ಯುಗಾದಿ ಕಳೆದು ಮೊದಲ ಗಾಳಿಮಳೆ ಬಂದುಹೋದ ಮಾರನೆಯ ದಿನ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ತಪ್ಪದೆ ಬರುವ ಸುದ್ದಿಯೊಂದಿದೆ: ಬಿರುಗಾಳಿಗೆ ಹಾರಿದ ಮನೆ ಶೀಟುಗಳು. ಜೊತೆಗೊಂದು ಚಿತ್ರ. ಸೂರು ಕಳೆದುಕೊಂಡ ಗೋಡೆಗಳು, ನೆನೆದ ಹಾಸಿಗೆ, ಅಂಗಳದ ತುಂಬ ಬೂದು ಬಣ್ಣದ ಚೂರುಗಳು. ಆ ಚೂರುಗಳು ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಬರೆಯುವುದಿಲ್ಲ, ಯಾರೂ ಕೇಳುವುದೂ ಇಲ್ಲ. ದೊಡ್ಡ ತುಂಡು ಕೊಟ್ಟಿಗೆಗೆ ಮರೆಯಾಗುತ್ತದೆ, ಸೌದೆ ಒಟ್ಟಿಲಿಗೆ ಹೊದಿಕೆಯಾಗುತ್ತದೆ, ಬಚ್ಚಲ ನೀರಿನ ಗುಂಡಿಗೆ ಮುಚ್ಚಳವಾಗುತ್ತದೆ. ಅದಕ್ಕಿಂತ ಚಿಕ್ಕದು ಮನೆ ಮುಂದಿನ ಕೆಸರು ಹಾದಿಗೆ ಬಿದ್ದು, ಟ್ರ್ಯಾಕ್ಟರಿನ ಚಕ್ರಕ್ಕೆ ಸಿಕ್ಕಿ ಪುಡಿಯಾಗುತ್ತದೆ. ಅಂಗೈಯಗಲದ ಚೂರು ಮಕ್ಕಳ ಕುಂಟೆಬಿಲ್ಲೆಗೆ ಹೇಳಿ ಮಾಡಿಸಿದಂತಿರುತ್ತದೆ. ಮಿಕ್ಕಿದ್ದು ಊರಾಚೆಯ ತಿಪ್ಪೆಗೋ ಕೆರೆ ಅಂಗಳಕ್ಕೋ ಸೇರುತ್ತದೆ. ಹೀಗೆ ಮಾಡುವವರನ್ನು ತಿಳಿಗೇಡಿಗಳೆಂದು ಬೈಯುವುದು ಸುಲಭ. ಆದರೆ ಒಡೆದ ಶೀಟನ್ನು ಇಂಥ ಕಡೆಗೆ ತಂದುಕೊಡಿ ಎಂದು ಅವರಿಗೆ ಹೇಳಿದವರಾದರೂ ಯಾರು? ಹೇಳಲು ಅಂಥ ಜಾಗವೇ ಇಲ್ಲ. ಮನೆಯ ವಿಷಕಸದ ಬಗ್ಗೆ ಜಾಗೃತಿಯ ಮಾತನಾಡುವ ಮೊದಲು ಆ ಜಾಗವನ್ನು ಮಾಡಿಕೊಡುವುದು ಪಂಚಾಯಿತಿ, ನಗರಸಭೆಗಳ ಕೆಲಸ ಎಂಬುದು ನನ್ನ ವಾದ.

ನಾವು ಸಿಮೆಂಟ್ ಶೀಟು ಎಂದು ಕರೆಯುವ ಹಳೆಯ ಶೀಟುಗಳಲ್ಲಿ ಸಿಮೆಂಟಿನ ಜೊತೆ ಸುಮಾರು ಹತ್ತನೇ ಒಂದು ಭಾಗದಷ್ಟು ಆಸ್ಬೆಸ್ಟಾಸ್ ಇರುತ್ತದೆ. ಕನ್ನಡದಲ್ಲಿ ಇದಕ್ಕೆ ಕಲ್ನಾರು ಎಂಬ ಒಳ್ಳೆಯ ಹೆಸರಿದೆ. ಕಲ್ಲೂ ಹೌದು, ನಾರೂ ಹೌದು, ಅಪಾಯವಿರುವುದು ನಾರಿನಲ್ಲಿ. ಹಳೆಯ ಶೀಟಿನ ಒಡೆದ ಅಂಚನ್ನು ಬಿಸಿಲಿಗೆ ಹಿಡಿದರೆ, ಜೂಲು ಬಿಟ್ಟ ಹಗ್ಗದ ತುದಿಯಂತೆ ಬಿಳಿಯ ಎಳೆಗಳು ಹೊರಚಾಚಿರುವುದು ಕಾಣುತ್ತದೆ. ಕಣ್ಣಿಗೆ ಕಾಣುವ ಒಂದೊಂದು ಎಳೆಯೂ ಕಣ್ಣಿಗೆ ಕಾಣದ ನೂರಾರು ಎಳೆಗಳ ಕಟ್ಟು. ಶೀಟನ್ನು ಒಡೆದಾಗ, ಕೊಯ್ದಾಗ, ತೂತು ಕೊರೆದಾಗ ಅವು ಬಿಡಿಸಿಕೊಂಡು ಗಾಳಿಗೆ ಸೇರಿ ಗಂಟೆಗಟ್ಟಲೆ ತೇಲುತ್ತವೆ. ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿದವು ಕರಗುವುದಿಲ್ಲ, ಕೆಮ್ಮಿದರೂ ಬಾರವು. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಮತ್ತೊಂದು ಕ್ಯಾನ್ಸರ್, ಇವೆಲ್ಲ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಳೆದ ಮೇಲೆ ತಲೆ ಎತ್ತುವ ರೋಗಗಳು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಹೇಳಿದೆ. ಕೆಲಸದ ಜಾಗದಲ್ಲಿ ಇದನ್ನು ಉಸಿರಾಡಿದ್ದರಿಂದ ಪ್ರಪಂಚದಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ ಎಂಬುದು ಅದೇ ಸಂಸ್ಥೆಯ ಅಂದಾಜು.

ಕಾನೂನು ಏನನ್ನುತ್ತದೆ ಎಂದು ನೋಡಿದರೆ ಬೇಸರವಾಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಲ್ನಾರಿನ ಹೆಸರಿದೆ, ಆದರೆ ಅದು ಕಲ್ನಾರಿನ ಸರಕು ತಯಾರಿಸುವ ಕಾರ್ಖಾನೆಯ ಬಾಬತ್ತಿನಲ್ಲಿ. ಕಾರ್ಖಾನೆಯ ಒಳಗೆ ಬಿಸಾಡಿದ ಕಲ್ನಾರು ಲೆಕ್ಕವಿಟ್ಟು ಸಾಗಿಸಬೇಕಾದ ವಿಷ. ಅದೇ ಕಾರ್ಖಾನೆಯ ಶೀಟು ಮೂವತ್ತು ವರ್ಷ ಬಿಸಿಲು ಮಳೆ ತಿಂದು, ಮೇಲಿನ ಸಿಮೆಂಟು ಸವೆದು, ನಾರು ಹೊರಬಿದ್ದು ಸೂರಿನಿಂದ ಕೆಳಗಿಳಿದಾಗ ಬರೀ ಕಟ್ಟಡದ ಕಸ. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸ ಯಾವುದೆಂದು ಹೆಸರಿಟ್ಟು ಹೇಳಿದ್ದವು: ಬಣ್ಣದ ಡಬ್ಬ, ಕೀಟನಾಶಕದ ಕ್ಯಾನು, ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿ, ಒಡೆದ ಪಾದರಸದ ಥರ್ಮಾಮೀಟರು, ಬ್ಯಾಟರಿ, ಸೂಜಿ, ಸಿರಿಂಜು. ಆ ಸಾಲಿನಲ್ಲಿ ಶೀಟು ಇರಲಿಲ್ಲ. ಇದ್ದ ಪದಾರ್ಥಗಳಿಗಾದರೂ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ಇರಬೇಕೆಂದು ಆ ನಿಯಮಗಳು ಹೇಳಿದ್ದವು. ಸುಮಾರು 700 ಚದರ ಕಿಲೋಮೀಟರಿನ ಬೆಂಗಳೂರಿಗೆ ಆ ಲೆಕ್ಕದಲ್ಲಿ 35 ಕೇಂದ್ರಗಳು ಬೇಕು. ನಿಮ್ಮ ಮನೆಗೆ ಹತ್ತಿರದ ಕೇಂದ್ರ ಯಾವುದೆಂದು ನೀವೇ ಯೋಚಿಸಿ ನೋಡಿ.

ದಾರಿ ಇದ್ದರೆ ಜನ ಅದರಲ್ಲೇ ನಡೆಯುತ್ತಾರೆ ಎಂಬುದಕ್ಕೆ ಮನೆಯೊಳಗೇ ಸಾಕ್ಷಿಯಿದೆ. ಯುಪಿಎಸ್‌ನ ಹಳೆಯ ಬ್ಯಾಟರಿಯನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಅದರಲ್ಲಿ ಸೀಸವಿದೆ, ಆಮ್ಲವಿದೆ ಎಂಬ ಭಯಕ್ಕಲ್ಲ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಂಡು ದುಡ್ಡು ಮುರಿದುಕೊಳ್ಳುತ್ತಾನೆ. ಅದೇ ಮನೆಯ ಟ್ಯೂಬ್‌ಲೈಟು ಕೆಟ್ಟರೆ ಮೂಲೆಯಲ್ಲಿ ಒರಗಿ ನಿಂತು, ಒಂದು ದಿನ ಕಸದ ಗಾಡಿಯಲ್ಲಿ ಪಟ್ಟೆಂದು ಒಡೆದು, ಒಳಗಿನ ಪಾದರಸ ಗಾಡಿಯವರ ಮೂಗಿಗೇ ಸೇರುತ್ತದೆ. ಎರಡನ್ನೂ ಬಳಸಿದ್ದು ಒಂದೇ ಮನೆಯವರು. ಒಂದಕ್ಕೆ ಹಿಂದಿರುಗುವ ದಾರಿಯಿತ್ತು, ಮತ್ತೊಂದಕ್ಕೆ ಇರಲಿಲ್ಲ, ಅಷ್ಟೇ. ಬೇಡವಾದ ಔಷಧಿಗಳನ್ನು ಜನರಿಂದ ವಾಪಸು ಪಡೆಯುವ ಯೋಜನೆಯನ್ನು ನೆರೆಯ ಕೇರಳ 2025ರಲ್ಲಿ ಕೋಝಿಕ್ಕೋಡ್‌ನಿಂದ ಶುರುಮಾಡಿತು. ಶೀಟಿನ ಮಟ್ಟಿಗೆ ಮಾತ್ರ ನಮ್ಮಲ್ಲಿ ಅಂಥ ಸಣ್ಣ ಪ್ರಯತ್ನವೂ ಕಾಣುತ್ತಿಲ್ಲ.

ಈ ದಾರಿ ಇಲ್ಲದ್ದರ ಬೆಲೆ ತೆರುವವರು ಬಹುಮಟ್ಟಿಗೆ ಮನೆಯವರಲ್ಲ. ಹಳೆಯ ಶೀಟು ಇಳಿಸುವ ಕೆಲಸವನ್ನು ಹತ್ತಿರ ನಿಂತು ನೋಡಿದರೆ ಇದು ಗೊತ್ತಾಗುತ್ತದೆ. ಶೀಟನ್ನು ತೀರಿಗೆ ಬಿಗಿದ ಕೊಕ್ಕೆ ಬೋಲ್ಟುಗಳು ತುಕ್ಕು ಹಿಡಿದು ಸ್ಪ್ಯಾನರಿಗೆ ಬಗ್ಗುವುದಿಲ್ಲ. ಕೆಲಸದವರು ಬೋಲ್ಟಿನ ಸುತ್ತ ಸುತ್ತಿಗೆಯಿಂದ ಹೊಡೆದು ಶೀಟನ್ನೇ ಒಡೆಯುತ್ತಾರೆ, ಅರ್ಧ ಸೀಳಿದ್ದನ್ನು ಕೆಳಕ್ಕೆ ಬಿಡುತ್ತಾರೆ. ನೆಲಕ್ಕೆ ಬಿದ್ದಲ್ಲಿ ಹೊಗೆಯಂತೆ ದೂಳೇಳುತ್ತದೆ. ಆ ದೂಳನ್ನು ಹೆಂಗಸರು ಒಣಪೊರಕೆಯಿಂದ ಗುಡಿಸಿ, ಬರಿಗೈಯಲ್ಲಿ ಬಾಂಡ್ಲಿಗೆ ತುಂಬಿ, ತಲೆಯ ಮೇಲೆ ಹೊತ್ತು ಸಾಗಿಸುತ್ತಾರೆ. ಮೂಗಿಗೆ ಅಡ್ಡ ಇರುವುದು ಸೀರೆಯ ಸೆರಗು. ಸುಪ್ರೀಂ ಕೋರ್ಟು 1995ರ ಜನವರಿ 27ರ ತೀರ್ಪಿನಲ್ಲಿ, ಕಲ್ನಾರು ಕಾರ್ಖಾನೆಗಳು ಪ್ರತಿ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಟ್ಟಿರಬೇಕು ಎಂದು ಆದೇಶಿಸಿತು. ರೋಗ ಎಷ್ಟು ನಿಧಾನಕ್ಕೆ ಬರುತ್ತದೆ ಎಂಬುದನ್ನು ಆ ಆದೇಶ ಸರಿಯಾಗಿ ಹಿಡಿದಿದೆ. ಸೂರು ಇಳಿಸುವ ಕೂಲಿಯವರದು ಒಂದೇ ದಿನದ ಕೆಲಸ, ಅವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. 2050ರಲ್ಲಿ ಅವರಿಗೆ ಉಸಿರು ಕಟ್ಟಿದರೆ ಈ ಮಧ್ಯಾಹ್ನದ ದೂಳನ್ನು ಯಾವ ವೈದ್ಯರು ನೆನೆಸಿಕೊಂಡಾರು?

ಬಡವರ ಸೂರಿನ ಬಗ್ಗೆ ಹೀಗೆ ಹೆದರಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಹುಲ್ಲಿನ ಮಾಡಿಗೆ ಬೆಂಕಿಯ ಭಯ, ಹೆಂಚಿಗೆ ಕೋತಿಯ ಕಾಟ, ಆರ್‌ಸಿಸಿಗೆ ದುಡ್ಡಿಲ್ಲ; ಶೀಟು ಬಂದಿದ್ದರಿಂದಲೇ ಎಷ್ಟೋ ಮನೆಗಳು ಸೋರುವುದು ನಿಂತಿತು. ಆದ್ದರಿಂದ ಸ್ಪಷ್ಟವಾಗಿ ಹೇಳಬೇಕು: ಬಿರುಕಿಲ್ಲದೆ, ಅಲುಗಾಡದೆ ಕೂತಿರುವ ಶೀಟನ್ನು ನಾಳೆಯೇ ಕೀಳಬೇಕಾಗಿಲ್ಲ. ಅದರ ಕೆಳಗೆ ಮಲಗಿದವರಿಗೆ ಇಂದೇ ಏನೋ ಆಗಿಬಿಡುತ್ತದೆ ಎಂಬುದು ಸುಳ್ಳು ಭಯ. ಭಯಬಿದ್ದು ಒಡೆದು ತೆಗೆಯಲು ಹೋದರೆ ಇಲ್ಲದ ಅಪಾಯವನ್ನು ತಂದುಕೊಂಡಂತೆ. ಕೊರೆಯಬೇಡಿ, ಉಜ್ಜಿ ತೊಳೆಯಬೇಡಿ, ಪಾಚಿ ಕೆರೆಯಬೇಡಿ, ಅಷ್ಟು ಸಾಕು. ನಾನು ಕೇಳುತ್ತಿರುವುದು ಒಡೆದ, ಇಳಿಸಿದ ಶೀಟಿನ ವಿಚಾರ ಮಾತ್ರ.

ಉದ್ಯಮದವರು ಇದೇ ಮಾತನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ನಾರು ಸಿಮೆಂಟಿನಲ್ಲಿ ಬಂಧಿಯಾಗಿದೆ, ನಾವು ಬಳಸುವುದು ಬಿಳಿ ಕಲ್ನಾರು, ಹಾಗಾಗಿ ಅಪಾಯವಿಲ್ಲ ಎಂಬುದು ಅವರ ವಾದ. ಬಂಧ ಎಷ್ಟು ದಿನ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಶೀಟು ಕೊನೆಗೊಂದು ದಿನ ಒಡೆಯಲೇಬೇಕು, ಬಂಧ ಬಿಚ್ಚುವುದು ಅಂದೇ. ಬಿಳಿ ಕಲ್ನಾರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ. ಐರೋಪ್ಯ ಒಕ್ಕೂಟ, ಜಪಾನ್, ಆಸ್ಟ್ರೇಲಿಯಾ ಅದನ್ನೂ ಸೇರಿಸಿಯೇ ನಿಷೇಧಿಸಿವೆ. ಇಂದು ಕಲ್ನಾರನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದೇ. ಅಂದರೆ ಈ ಕಸ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸಾಲುವಷ್ಟು ಸೂರುಗಳ ಮೇಲೆ ಕೂತಿದೆ. ಎಷ್ಟು ಸೂರು ಎಂಬುದರ ಲೆಕ್ಕವೂ ಸರಿಯಾಗಿಲ್ಲ. 2011ರ ಜನಗಣತಿ ತಗಡು ಮತ್ತು ಆಸ್ಬೆಸ್ಟಾಸ್ ಶೀಟುಗಳನ್ನು ಒಂದೇ ಕಲಮಿನಲ್ಲಿ ಸೇರಿಸಿ, ದೇಶದ ಸುಮಾರು ಶೇ 16ರಷ್ಟು ಮನೆಗಳಿಗೆ ಇಂಥ ಸೂರು ಎಂದಿತು. ಅದರಲ್ಲಿ ತಗಡಿನದೆಷ್ಟು, ಕಲ್ನಾರಿನದೆಷ್ಟು ಎಂದು ಬೇರ್ಪಡಿಸಿ ತಿಳಿಯದೆ ಯೋಜನೆ ಮಾಡುವುದಾದರೂ ಹೇಗೆ?

ದುಡ್ಡಿನ ಪ್ರಶ್ನೆ ನಿಜವಾದ ಪ್ರಶ್ನೆ. ಇದು ಸಿರಿವಂತ ದೇಶಗಳ ಸೊಗಸು ಎನ್ನುವವರು ಪೋಲೆಂಡ್ ಮತ್ತು ದಕ್ಷಿಣ ಕೊರಿಯಾಗಳನ್ನು ನೋಡಬೇಕು. ಪೋಲೆಂಡ್ 1997ರಲ್ಲಿ ಕಲ್ನಾರನ್ನು ನಿಷೇಧಿಸಿ, 2032ರೊಳಗೆ ದೇಶದ ಸೂರುಗಳಿಂದ ಅದನ್ನು ಇಳಿಸಿ ಮುಗಿಸುವ ಯೋಜನೆ ಹಾಕಿಕೊಂಡಿತು. ಕೊರಿಯಾದ ಹಳ್ಳಿಗಳಲ್ಲಿ 1970ರ ದಶಕದ ಗ್ರಾಮ ಸುಧಾರಣೆಯ ಕಾಲಕ್ಕೆ ಹುಲ್ಲಿನ ಮಾಡು ಕಿತ್ತು ಕಲ್ನಾರಿನ ಶೀಟು ಹೊದಿಸಿದರು, ನಮ್ಮ ಕಥೆಯಂತೆಯೇ. ಅದನ್ನು ಇಳಿಸಲು ಅಲ್ಲಿನ ಸರ್ಕಾರ ಈಗ ಮನೆಯವರಿಗೆ ಸಹಾಯಧನ ಕೊಡುತ್ತಿದೆ. ನಾವು ಅಷ್ಟು ದೂರವೂ ಹೋಗಬೇಕಾಗಿಲ್ಲ, ಬಿದ್ದದ್ದನ್ನು ಎತ್ತಿ ಹೂಳಿದರೆ ಸಾಕು. ಕಲ್ನಾರಿಗೆ ಕುಲುಮೆ ಬೇಡ, ರಾಸಾಯನಿಕ ಸಂಸ್ಕರಣೆ ಬೇಡ. ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಗುರುತು ಬರೆದು, ಯಾರೂ ಮತ್ತೆ ಅಗೆಯದ ಕಡೆ ಮಣ್ಣು ಮುಚ್ಚಿದರೆ ಅದು ಕಲ್ಲಾಗಿಯೇ ಉಳಿಯುತ್ತದೆ. ಅಪಾಯಕಾರಿ ತ್ಯಾಜ್ಯ ಹೂಳಲು ನೆಲಮಂಗಲದ ಹತ್ತಿರ ದಾಬಸ್‌ಪೇಟೆಯಲ್ಲಿ ವ್ಯವಸ್ಥೆಯಿದೆ. ಬೀದರಿನಿಂದ ಅಲ್ಲಿಗೆ ಹೊರುವುದು ದುಬಾರಿ ಎಂಬುದು ನಿಜ, ಹಾಗಾಗಿ ಜಿಲ್ಲೆಗೊಂದು ಪ್ರತ್ಯೇಕ ಹೂಳುಗುಂಡಿ ಬೇಕು. ಅದನ್ನು ಊರಿನ ಬೆನ್ನಿಗೆ ತಂದು ಕಟ್ಟಬಾರದು; ಮಂಡೂರು, ಮಾವಳ್ಳಿಪುರಗಳ ಜನ ಬೆಂಗಳೂರಿನ ಕಸಕ್ಕಾಗಿ ಅನುಭವಿಸಿದ್ದನ್ನು ಮತ್ತೊಂದು ಹಳ್ಳಿಗೆ ಹಂಚಲು ಯಾರಿಗೂ ಹಕ್ಕಿಲ್ಲ. ಖರ್ಚನ್ನು ತಯಾರಕರಿಂದ ಪಡೆಯುವ ದಾರಿಯೂ ತಿಳಿದದ್ದೇ. 2022ರ ಬ್ಯಾಟರಿ ನಿಯಮಗಳು ಹಳೆಯ ಬ್ಯಾಟರಿಯ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಿವೆ, ಶೀಟಿಗೂ ಅದೇ ನ್ಯಾಯ ಸಲ್ಲಬೇಕು.

ನಮ್ಮ ಜನ ಕಸ ಬೇರೆ ಮಾಡುವುದಿಲ್ಲ ಎಂಬ ಮಾತು ಕೊನೆಯದು, ನನಗೆ ಎಲ್ಲಕ್ಕಿಂತ ನೋವು ತರುವಂಥದ್ದು. 2015ರಲ್ಲಿ ಹೈಕೋರ್ಟು ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ವಿಧಿಸಿದಾಗಲೂ ಇದೇ ಮಾತು ಕೇಳಿಬಂದಿತ್ತು. ಪದ್ಧತಿ ಪೂರ್ತಿ ಗೆದ್ದಿಲ್ಲ ನಿಜ, ಆದರೆ ಸ್ಯಾನಿಟರಿ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡುವ ಮನೆಗಳು ಇಂದು ಇವೆ. ಹಳ್ಳಿಗಳಲ್ಲಿ ಇಂದು ಸ್ವಚ್ಛ ವಾಹಿನಿ ಓಡಿಸುತ್ತಿರುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಯಾವ ಮನೆಯ ಸೂರು ಎಂಥದ್ದು ಎಂಬುದು ಅವರಿಗೆ ಬಾಯಿಪಾಠ. ಅವರ ಮೇಲೆ ಇನ್ನೊಂದು ಹೊರೆ ಹೇರಬಾರದು, ದಿನದ ಗಾಡಿಗೆ ಶೀಟಿನ ಚೂರು ಹಾಕಲೂಬಾರದು. ಬದಲಿಗೆ ಮಳೆಗಾಲಕ್ಕೆ ಮುಂಚೆ ಒಂದು, ಆಮೇಲೆ ಒಂದು, ಹೀಗೆ ವರ್ಷಕ್ಕೆ ಎರಡು ದಿನ ಗೊತ್ತುಮಾಡಿ, ಬೇರೆ ಗಾಡಿ, ತಕ್ಕ ಮಾಸ್ಕು, ತರಬೇತಿ, ಕೂಲಿ ಕೊಟ್ಟು ಶೀಟಿನ ಜೊತೆಗೆ ಟ್ಯೂಬ್‌ಲೈಟು, ಔಷಧಿ, ಕೀಟನಾಶಕದ ಡಬ್ಬಗಳನ್ನೂ ಉಚಿತವಾಗಿ ಪಡೆಯಲಿ. ಪೋಲಿಯೊ ಭಾನುವಾರಕ್ಕೆ ಮಗುವನ್ನು ಎತ್ತಿಕೊಂಡು ಬಂದ ಊರಿದು, ದಿನ ಗೊತ್ತಿದ್ದರೆ ಬಂದೇ ಬರುತ್ತದೆ.

ಇಷ್ಟಕ್ಕೂ ಆರಂಭಿಸಲು ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ. ಗಾಳಿಮಳೆಗೆ ಮನೆ ಹಾನಿಯಾದಾಗ ಗ್ರಾಮ ಆಡಳಿತಾಧಿಕಾರಿ ಬಂದು ಪರಿಹಾರಕ್ಕಾಗಿ ಮಹಜರು ಮಾಡುತ್ತಾರೆ. ಒಡೆದ ಸೂರಿನ ಫೋಟೊ ತೆಗೆದು, ಎಷ್ಟು ಶೀಟು ಹೋಯಿತು ಎಂದು ಬರೆದುಕೊಳ್ಳುತ್ತಾರೆ. ಆ ಹಾಳೆಯಲ್ಲಿ ಇನ್ನೆರಡು ಸಾಲು ಸೇರಲಿ: ಶೀಟು ಕಲ್ನಾರಿನದೇ, ಒಡೆದ ಚೂರನ್ನು ಪಂಚಾಯಿತಿ ಯಾವ ದಿನ ಒಯ್ದಿತು. ಎರಡನೆಯ ಸಾಲು ತುಂಬುವ ತನಕ ಕಡತ ಮುಗಿಯಬಾರದು. ಚೂರುಗಳ ಮೇಲೆ ನೀರು ಚಿಮುಕಿಸಿ, ಮಕ್ಕಳ ಕೈಗೆ ಸಿಗದಂತೆ ಟಾರ್ಪಾಲು ಹೊದಿಸಿಡಿ ಎಂದು ಅದೇ ಅಧಿಕಾರಿ ಅಂಗಳದಲ್ಲಿ ನಿಂತು ಹೇಳಿ ಹೋಗಲಿ. ಮುಂದಿನ ಗಾಳಿಮಳೆಗೆ ಮುಂಚೆ ಇದಿಷ್ಟು ಆಗಬಹುದು.