ನಾಗರಿಕನಾರು?

‘ನಾಗರಿಕ’ ಎಂಬ ಶಬ್ದವನ್ನು ನಾವು ದಿನನಿತ್ಯ ಬಳಸುತ್ತಿರುವೆವು. ಆದರೆ ಅದರೊಳಗೆ ಮೂರು ಅರ್ಥಗಳು ಬೆರೆತಿರುವುದನ್ನು ಗಮನಿಸುವವರು ವಿರಳ. ನಗರದಲ್ಲಿ ವಾಸಿಸುವವನೆಂಬುದು ಮೊದಲನೆಯದು, ಸಭ್ಯನೆಂಬುದು ಎರಡನೆಯದು, ರಾಷ್ಟ್ರದಲ್ಲಿ ಹಕ್ಕುಬಾಧ್ಯತೆಗಳುಳ್ಳವನೆಂಬುದು ಮೂರನೆಯದು.

ಶಬ್ದವು ಹುಟ್ಟಿದ್ದು ನಗರದಲ್ಲಿಯೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ನಾಗರಿಕ’ನು ನಗರದ ಆಡಳಿತವನ್ನು ನೋಡುವ ಅಧಿಕಾರಿ, ವಾತ್ಸ್ಯಾಯನನ ‘ನಾಗರಕ’ನಾದರೋ ಸ್ನಾನಾನುಲೇಪನ, ತಾಂಬೂಲ, ಗೋಷ್ಠಿಗಳಲ್ಲಿ ಕಾಲ ಕಳೆಯುವ ಪಟ್ಟಣದ ರಸಿಕ. ‘ಪೌರ’ ಶಬ್ದವೂ ಪುರದಿಂದಲೇ ಬಂದುದು. ಇತ್ತ ‘ಗ್ರಾಮ್ಯ’ವೆಂಬುದು ಅಲಂಕಾರಶಾಸ್ತ್ರದಲ್ಲಿ ದೋಷದ ಹೆಸರಾಯಿತು. ಇದು ನಮ್ಮ ದೇಶಕ್ಕೇ ಮೀಸಲಾದ ಮಾತಲ್ಲ. ಇಂಗ್ಲಿಷರು ದುಷ್ಟನಿಗೆ ಹೇಳುವ ‘ವಿಲನ್’ ಎಂಬುದು ಮೊದಲು ಹಳ್ಳಿಯ ಒಕ್ಕಲಾಳಿನ ಹೆಸರಾಗಿತ್ತು. ಲೇಖನಿಯು ನಗರದವರ ಕೈಯಲ್ಲಿದ್ದುದರಿಂದ ಹಳ್ಳಿಗನು ಕೋಶದಲ್ಲಿಯೂ ಕೀಳಾದನು.

ಕನ್ನಡದ ಹಳೆಯ ದೃಷ್ಟಿಯು ಇದಕ್ಕಿಂತ ಉದಾರವಾದುದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು, ಶಾಸ್ತ್ರವನ್ನೋದದೆಯೂ ಕಾವ್ಯದಲ್ಲಿ ಪರಿಣತರಾದವರೆಂದು ಹೊಗಳಿದ್ದು ‘ನಾಡವ’ರನ್ನು. ಆ ಒಂದು ಮಾತಿನಲ್ಲಿ ಪಟ್ಟಣಿಗನೂ ಹಳ್ಳಿಗನೂ ಸಮನಾಗಿ ಅಡಗಿರುವರು.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಹಳ್ಳಿ, ನಗರವೆಂಬ ಭೇದವೆಣಿಸದೆ ಎಲ್ಲರಿಗೂ ಸಮಾನ ಮತವನ್ನಿತ್ತಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 61 ಜನರು ಹಳ್ಳಿಯ ನಿವಾಸಿಗಳು. ಮತ ಕೇಳುವಾಗ ‘ನಾಗರಿಕ ಬಂಧು’ಗಳಾದ ಇವರು ನಡೆನುಡಿಯ ಮಾತು ಬಂದೊಡನೆ ‘ಅನಾಗರಿಕ’ರಾಗುವುದು ಯಾವ ನ್ಯಾಯ? ಬೀದಿಗೆ ಕಸವೆಸೆಯುವವನು ಪಟ್ಟಣದಲ್ಲಿ ಮನೆ ಮಾಡಿದ ಮಾತ್ರಕ್ಕೆ ನಾಗರಿಕನೆ? ಅದನ್ನು ನಸುಕಿನಲ್ಲಿ ಗುಡಿಸುವ ಪೌರಕಾರ್ಮಿಕನಿಗೆ ‘ಪೌರ’ ಪದವಿಯು ಹೆಸರಿನಲ್ಲಿ ಮಾತ್ರವೆ?

ಶಬ್ದವನ್ನು ಬಿಟ್ಟುಬಿಡಿರೆಂದು ನಾವು ಹೇಳುವುದಿಲ್ಲ. ಅರ್ಥಗಳನ್ನು ಬೇರ್ಪಡಿಸಿರೆಂದು ಮಾತ್ರ ಕೇಳುವೆವು. ವಾಸವನ್ನು ಹೇಳಲು ‘ಪಟ್ಟಣಿಗ’, ‘ನಗರವಾಸಿ’ ಎಂಬ ಮಾತುಗಳು ಸಾಲವೆ? ‘ನಾಗರಿಕ’ವು ಹಕ್ಕು ಕರ್ತವ್ಯಗಳನ್ನರಿತವನಿಗೆ ಉಳಿಯಲಿ, ಆತನು ಎಲ್ಲಿಯೇ ಇರಲಿ. ಈ ಕಾರ್ಯವು ಮುಖ್ಯವಾಗಿ ಶಿಕ್ಷಕ ಬಂಧುಗಳದು. ತರಗತಿಯಲ್ಲಿ ತನ್ನ ಮನೆಯ ಮಾತನ್ನಾಡಿದ ಒಕ್ಕಲುಮಗುವು ಒಮ್ಮೆ ನಗೆಗೀಡಾದರೆ ಮುಂದೆ ಬಾಯಿ ತೆರೆಯದು. ಬಾಯಿ ತೆರೆಯಲಂಜುವ ಮಗುವು ನಾಳೆ ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳೀತೆ? ಆ ನಗೆಯನ್ನು ತಡೆಯುವುದೇ ಪೌರನೀತಿಯ ಮೊದಲ ಪಾಠವೆಂದು ನಾವು ನಂಬಿರುವೆವು.