ಬಾಯಿಲ್ಲದ ಪೊಟ್ಟಣಗಳು

ಕೃಷ್ಣರಾಜನಗರದ ಗಿರಣಿಯಿಂದ ಹೊಸ ಅಗ್ರಹಾರದ ಅಂಗಡಿಗೆ ಬಂದಿಳಿಯುವ ಅಕ್ಕಿಮೂಟೆಯ ಬಾಯಿಗೆ ಯಂತ್ರವು ಹಾಕಿರುವ ಹೊಲಿಗೆಯನ್ನು ಒಮ್ಮೆ ಗಮನವಿಟ್ಟು ನೋಡಿದವರಿಗೆ, ಭದ್ರವಾಗಿ ಮುಚ್ಚುವುದೂ ಸುಲಭವಾಗಿ ತೆರೆಯುವುದೂ ಪರಸ್ಪರ ವಿರುದ್ಧವಾದ ಗುಣಗಳಲ್ಲವೆಂಬುದು ತಾನಾಗಿಯೇ ವೇದ್ಯವಾಗುತ್ತದೆ. ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರುವ ಆ ಹೊಲಿಗೆಯು ಲಾರಿಯ ಕುಲುಕಾಟಕ್ಕಾಗಲಿ ಹಮಾಲರ ಎತ್ತಿಹಾಕುವಿಕೆಗಾಗಲಿ ಜಗ್ಗದು. ಆದರೆ ಹೊಲಿಗೆ ಮುಗಿದ ತುದಿಯನ್ನು ಗುರುತಿಸಿ, ಕೊನೆಯ ಕುಣಿಕೆಯನ್ನು ಸಡಿಲಿಸಿ ದಾರವನ್ನೆಳೆದರೆ, ಬಾಯಿ ಈ ಕೊನೆಯಿಂದ ಆ ಕೊನೆಯವರೆಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿಯನ್ನು ಹಿಡಿದವನಿಗೆ ಮಾತ್ರ ಎಷ್ಟೆಳೆದರೂ ಗಂಟು ಬಿಗಿಯುತ್ತದೆ. ಮರ್ಮವರಿತ ಅಂಗಡಿಯ ಹುಡುಗನಿಗೆ ಚಾಕುವೂ ಬೇಡ, ಕುಡುಗೋಲೂ ಬೇಡ.

ಅದೇ ಅಂಗಡಿಯ ಮೊಳೆಗೆ ತೂಗುಬಿದ್ದಿರುವ ಹಲ್ಲುಜ್ಜುವ ಬ್ರಷ್ಷು, ಟಾರ್ಚಿನ ಸೆಲ್ಲು, ಮೊಬೈಲ್ ಚಾರ್ಜರುಗಳ ಪಾಡು ಬೇರೆ. ಗಡುಸು ಪ್ಲಾಸ್ಟಿಕ್ಕಿನ ಎರಡು ಹೋಳುಗಳನ್ನು ಅಂಚಿನ ಸುತ್ತಲೂ ಶಾಖದಿಂದ ಬೆಸೆದು, ಒಳಗಿನ ವಸ್ತುವನ್ನು ಕಣ್ಣಿಗೆ ತೋರಿಸಿ ಕೈಗೆ ನಿಲುಕದಂತೆ ಮಾಡಿರುವ ಈ ಕವಚಕ್ಕೆ ಕಾರಣಗಳಿಲ್ಲವೆಂದಲ್ಲ. ಕಳವು ತಪ್ಪಬೇಕು, ಧೂಳು ತೇವಗಳು ಸೋಕಬಾರದು, ನಡುವೆ ಯಾರೂ ತೆರೆದು ನಕಲಿ ಸರಕನ್ನು ತುಂಬಬಾರದು. ಎಲ್ಲವೂ ಒಪ್ಪತಕ್ಕ ಮಾತುಗಳೇ. ಆದರೆ ಸರಕು ಮಾರಾಟವಾದ ಕ್ಷಣದಲ್ಲಿಯೇ ಆ ಭದ್ರತೆಯ ಪ್ರಯೋಜನವೆಲ್ಲ ತೀರಿಹೋಗಿ, ಉಳಿಯುವ ತೊಡಕನ್ನು ಮಾತ್ರ ಕೊಂಡವನ ಬೆರಳುಗಳು ಅನುಭವಿಸಬೇಕಾಗಿ ಬರುವುದು ನ್ಯಾಯವೆನ್ನಿಸುವುದಿಲ್ಲ.

ಆ ಬೆರಳುಗಳಿಗೆ ನಮ್ಮ ಮನೆಗಳಲ್ಲಿ ಒದಗುವ ಆಯುಧಗಳೂ ಈ ಕೆಲಸಕ್ಕೆ ತಕ್ಕವಲ್ಲ. ಈಳಿಗೆಮಣೆಯಲ್ಲಿ ಅಲುಗು ನಿಶ್ಚಲ, ಚಲಿಸುವುದು ಕೈ. ಕುಂಬಳಕಾಯಿ ಸಮನಾಗಿ ಸೀಳುತ್ತ ಬರುವುದರಿಂದ ಅಲ್ಲಿ ಅಪಾಯ ಕಡಮೆ, ಆದರೆ ಪ್ಲಾಸ್ಟಿಕ್ಕು ಬಹಳ ಹೊತ್ತು ಮೊಂಡು ಹಿಡಿದು ಥಟ್ಟನೆ ಸೋಲುವ ಪದಾರ್ಥವಾದ್ದರಿಂದ, ಅಷ್ಟು ಹೊತ್ತು ಒತ್ತಿದ್ದ ಕೈಯ ಬಲವೆಲ್ಲ ಒಮ್ಮೆಲೇ ಅಲುಗಿನ ಮೇಲೆ ಬೀಳುತ್ತದೆ. ಚಾಕುವಿನಿಂದಲೂ ಹೀಗೆಯೇ, ಗಾಯವಾಗುವುದು ಸಾಮಾನ್ಯವಾಗಿ ಪೊಟ್ಟಣವನ್ನು ಹಿಡಿದಿರುವ ಕೈಗೆ. ಆದುದರಿಂದ ಮೊದಲು ಹಿಂಬದಿಯನ್ನು ನೋಡತಕ್ಕದ್ದು. ಅಲ್ಲಿ ರಟ್ಟು ಇದ್ದರೆ, ಸಣ್ಣ ತೂತುಗಳ ಸಾಲಿನ ಮೇಲೆ ಒತ್ತಿದರೆ ಸಾಕಾದೀತು. ಇಲ್ಲವಾದರೆ ಗಟ್ಟಿಯಾದ ಕತ್ತರಿಯಿಂದ, ಪೊಟ್ಟಣವನ್ನು ತೊಡೆಯ ಮೇಲಲ್ಲದೆ ಮೇಜಿನ ಮೇಲಿಟ್ಟು, ಬೆಸುಗೆಯ ಒಳಮಗ್ಗುಲಿಗೆ ಮೂರು ಬದಿಗಳಲ್ಲಿಯೂ ಪೂರ್ತಿ ಕತ್ತರಿಸಬೇಕು. ಒಂದು ಮೂಲೆಯನ್ನು ಮಾತ್ರ ಕತ್ತರಿಸಿ ಮಿಕ್ಕುದನ್ನು ಎಳೆದು ಹರಿಯುವ ಆತುರವೇ ಅನರ್ಥಕ್ಕೆ ಮೂಲ, ಏಕೆಂದರೆ ಕತ್ತರಿಸಿದ ಪ್ಲಾಸ್ಟಿಕ್ಕಿನ ಅಂಚೂ ಬ್ಲೇಡಿನಷ್ಟೇ ಹರಿತ. ಗಾಯವಾದರೆ ಕಾಫಿಪುಡಿಯನ್ನು ಮೆತ್ತದೆ, ಹರಿಯುವ ನೀರಿನಲ್ಲಿ ತೊಳೆದು, ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿಯಬೇಕು. ಬೆರಳು ಮಡಿಚಲು ಬಾರದಿದ್ದರೆ ಅಥವಾ ಜೋಮು ಹಿಡಿದಂತಿದ್ದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

ಮೆತ್ತನೆಯ ಪೊಟ್ಟಣಗಳ ಹಟ ಇನ್ನೊಂದು ಬಗೆಯದು. ಶಾಂಪೂ, ಸಾಂಬಾರುಪುಡಿ ಮುಂತಾದವುಗಳ ಹೊದಿಕೆಯಲ್ಲಿ ಸಾಧಾರಣವಾಗಿ ಹೊರಗೆ ಪಾಲಿಯೆಸ್ಟರಿನ ಪದರವೂ ಒಳಗೆ ಪಾಲಿಥೀನಿನ ಪದರವೂ ಇರುತ್ತವೆ. ಹೊರಗಿನದು ಅಂಚು ಅಖಂಡವಾಗಿರುವವರೆಗೆ ಯಾರಿಗೂ ಬಗ್ಗದು, ಕಿರಿದಾದ ಕಚ್ಚೊಂದು ಬಿದ್ದರೆ ಸಾಕು, ಕಾಗದದ ಹಾಗೆ ಹರಿಯುತ್ತದೆ. ಅಂಚಿನಲ್ಲಿ ಕಚ್ಚು ಹಾಕುವುದು ಇದಕ್ಕಾಗಿಯೇ. ಅದನ್ನು ಕಾಣದಷ್ಟು ಸಣ್ಣದಾಗಿ ಹಾಕುವ ಅಥವಾ ಹಾಕದೆಯೇ ಬಿಡುವ ತಯಾರಕನ ಉದಾಸೀನದ ಫಲವಾಗಿ, ಎಣ್ಣೆಗೈಯ ಗೃಹಿಣಿಯೂ ಕಣ್ಣು ಮಂಜಾದ ಮುದುಕರೂ ಹಲ್ಲಿಗೆ ಶರಣಾಗುತ್ತಾರೆ. ಹಾಲಿನ ಪ್ಯಾಕೆಟ್ಟಿನ ವಿಷಯದಲ್ಲಿ ಒಂದು ಮಾತನ್ನು ಮಾತ್ರ ಹೇಳಿ ಮುಂದುವರಿಯುತ್ತೇನೆ: ಮೂಲೆಯ ಚೂರನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರುವಂತೆಯೇ ಬಿಟ್ಟರೆ, ಅದು ಹಾಲಿನ ಪಾತ್ರೆಗೂ ಬೀಳದು, ಚರಂಡಿಗೂ ಸೇರದು.

ಹಲ್ಲಿಗೆ ಶರಣಾಗುವ ಈ ಅಭ್ಯಾಸವು ಅಡುಗೆಮನೆಯಲ್ಲಿ ನಿಂತಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಭತ್ತಕ್ಕೆ ಬೆಂಕಿರೋಗ ತಗುಲಿದಾಗ, ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿಗೆ ಹುಳು ಬಿದ್ದಾಗ, ಔಷಧಿ ಹೊಡೆಯಲು ಹೊರಟವನು ಗದ್ದೆಯ ಬದುವಿನ ಮೇಲೆ ನಿಂತು, ಒದ್ದೆಗೈಯಲ್ಲಿ ಜಾರುವ ಪೊಟ್ಟಣವನ್ನು ಬಾಯಿಗಿಟ್ಟು ಕಚ್ಚಿ ಹರಿಯುತ್ತಾನೆ. 1968ರ ಕೀಟನಾಶಕ ಕಾಯಿದೆಯೂ ಅದರ 1971ರ ನಿಯಮಗಳೂ ವಿಷದ ತೀವ್ರತೆಯನ್ನು ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಿಂದ ಸೂಚಿಸಬೇಕೆಂದೂ, ಒಳಗಿನ ಸೂಚನಾಪತ್ರವು ಪ್ರಾದೇಶಿಕ ಭಾಷೆಯಲ್ಲಿಯೂ ಇರಬೇಕೆಂದೂ ವಿಧಿಸಿವೆ. ವಿವೇಕವಾದ ವಿಧಿ; ಆದರೆ ಎಚ್ಚರಿಕೆಯ ಪತ್ರವನ್ನು ಓದಬೇಕಾದರೆ ಮೊದಲು ಪೊಟ್ಟಣವನ್ನು ತೆರೆಯಬೇಕಷ್ಟೆ, ಅಷ್ಟು ಹೊತ್ತಿಗೆ ಪುಡಿ ತುಟಿಗೆ ತಗುಲಿಯಾಗಿರುತ್ತದೆ. ಮಕ್ಕಳ ಕೈಗೆ ಸುಲಭವಾಗಿ ತೆರೆಯಬಾರದ ವಿಷದ ಪೊಟ್ಟಣವನ್ನು ಒಂದು ಕಚ್ಚಿನಲ್ಲಿ ಹರಿಯಬಹುದು, ನಿರಪಾಯವಾದ ಬ್ರಷ್ಷಿಗೆ ಮಾತ್ರ ಕೋಟೆ ಕಟ್ಟಿದೆ! ಈ ವಿಪರ್ಯಾಸವನ್ನು ಬೇರೆ ದೇಶಗಳು ಗಮನಿಸದೆ ಇಲ್ಲ. ಅಮೆರಿಕವು 1970ರಲ್ಲಿಯೇ ಮನೆಬಳಕೆಯ ವಿಷವಸ್ತುಗಳಿಗೆ ಮಕ್ಕಳು ತೆರೆಯಲಾಗದ ಪೊಟ್ಟಣ ಬೇಕೆಂದು ಶಾಸನ ಮಾಡಿತು. ಅಮೆಜಾನ್ ಸಂಸ್ಥೆ 2008ರಲ್ಲಿ ಸಲೀಸಾಗಿ ತೆರೆಯುವ ರಟ್ಟಿನ ಪೆಟ್ಟಿಗೆಗಳಿಗೆ ಪ್ರೋತ್ಸಾಹ ಕೊಡತೊಡಗಿತು. ತೆರೆಯುವ ಸೌಲಭ್ಯಕ್ಕಾಗಿಯೇ 2015ರಲ್ಲಿ ಐಎಸ್‌ಒ 17480 ಎಂಬ ಅಂತರರಾಷ್ಟ್ರೀಯ ಮಾನಕವೂ ಹೊರಬಂದಿತು.

ನಮ್ಮಲ್ಲಿ 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ತಯಾರಕನ ಹೆಸರು, ವಿಳಾಸ, ನಿವ್ವಳ ತೂಕ, ಬೆಲೆ, ತಿಂಗಳು, ವರ್ಷ, ದೂರು ಹೇಳುವ ದೂರವಾಣಿ ಇವನ್ನೆಲ್ಲ ಮುದ್ರಿಸಬೇಕೆನ್ನುತ್ತವೆ. ಎಲ್ಲಿ ತೆರೆಯಬೇಕೆಂಬುದನ್ನು ತೋರಿಸುವ ಹೊಣೆ ಆ ಪಟ್ಟಿಯಲ್ಲಿಲ್ಲ. ಕಾಣುವಂಥ ಒಂದು ಗೆರೆ, ಕೈಗೆ ಸಿಗುವಂಥ ಒಂದು ಕಚ್ಚು, ‘ಇಲ್ಲಿ ಕತ್ತರಿಸಿ’ ಎಂಬ ಎರಡು ಕನ್ನಡದ ಮಾತು: ಇವಿಷ್ಟನ್ನು ಅದಕ್ಕೆ ಸೇರಿಸುವುದರಿಂದ ಯಾವ ಕಾರ್ಖಾನೆಯೂ ದಿವಾಳಿಯಾಗದು. ದೆಹಲಿಯಲ್ಲಿ ಆ ತಿದ್ದುಪಡಿಯಾಗುವವರೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವಾಗಲಿ ಔಷಧಿ ಮಾರುವ ಅಂಗಡಿಯಾಗಲಿ ಪೊಟ್ಟಣದ ಜೊತೆಗೆ ಒಂದು ಅಗ್ಗದ ಕತ್ತರಿಯನ್ನು ಕೊಡಬಹುದು. ಅದನ್ನು ಸಿಂಪಡಿಸುವ ಪಂಪಿಗೇ ದಾರದಿಂದ ಕಟ್ಟಿಡತಕ್ಕದ್ದು. ಮರಳಿ ಅಡುಗೆಮನೆಗೆ ಬರಕೂಡದು.